ಸೆರಗಿನ ಮರೆಯ ಒರೆ

ನಾನು ಒಂದು ಒರೆ. ಕತ್ತಿಯ ಒರೆಯಲ್ಲ, ಪಿಸ್ತೂಲಿನ ಒರೆ. ಪೊಲೀಸರು ನನ್ನನ್ನು ಹೋಲ್‌ಸ್ಟರ್ ಎನ್ನುತ್ತಾರೆ. ನನ್ನನ್ನು ಹೊಲಿದ ಕಾಶವ್ವ ಮಾತ್ರ ಕಡೆಯವರೆಗೂ ‘ಚೀಲ’ ಎಂದೇ ಕರೆದಳು. ಆ ಹೆಸರೇ ನನಗೆ ಇಷ್ಟ. ಚೀಲ ಎಂದರೆ ಮನೆಯ ಮಾತು. ಅದರೊಳಗೆ ರೊಟ್ಟಿಯ ಗಂಟೂ ಇರಬಹುದು, ವಿಭೂತಿಯ ಗಟ್ಟಿಯೂ ಇರಬಹುದು.

ನನ್ನ ತಾಯಿ ಒಂದು ಎಮ್ಮೆ. ಅಥಣಿಯ ಸೀಮೆಯಲ್ಲಿ ಬಹಳ ಮನೆಗಳಿಗೆ ಹಾಲು ಕೊಟ್ಟು, ವಯಸ್ಸಾಗಿ, ಒಂದು ಬೆಳಿಗ್ಗೆ ಮಲಗಿದಲ್ಲೇ ಕಣ್ಣು ಮುಚ್ಚಿದಳಂತೆ. ಅವಳ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಚೀಲದಂತೆ ಹೊಲಿದು, ಅದರ ಹೊಟ್ಟೆಯೊಳಗೆ ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಕಷಾಯ ತುಂಬಿ ತೂಗುಹಾಕಿದರು. ಹನಿ ಹನಿಯಾಗಿ ಕಹಿಯನ್ನು ಕುಡಿದು ಕುಡಿದು ನಾವು ಕೆಡದ ಮೈ ಪಡೆದೆವು. ಲೋಕದಲ್ಲಿ ಬಾಳಿಕೆ ಬರುವುದೆಲ್ಲ ಮೊದಲು ಇಷ್ಟು ಕಹಿ ಕುಡಿದೇ ಬರುತ್ತದೆಯೋ ಏನೋ. ನನಗಂತೂ ಆ ಕಹಿಯ ಮೇಲೆ ಸಿಟ್ಟಿಲ್ಲ.

ಆ ತೊಗಲಿನ ಬಹುಪಾಲು ಚಪ್ಪಲಿಯಾಗಿ ಊರೂರು ನಡೆಯಿತು. ಒಂದು ತುಂಡು ಮಾತ್ರ ಶಿವರಾಯ ಹೊನಕಾಂಬಳೆಯ ಅಂಗಡಿಯ ಮೂಲೆಯಲ್ಲಿ ಸುರುಳಿಯಾಗಿ ಉಳಿಯಿತು. ಶಿವರಾಯ ಚಪ್ಪಲಿಯ ತಳ ಕೊಯ್ಯುವವನು. ಅವನ ಹೆಂಡತಿ ಕಾಶವ್ವ ಅದಕ್ಕೆ ಹೆಣಿಗೆ ಹಾಕಿ ಹೊಲಿಯುವವಳು. ಅವನ ಕೈಯಲ್ಲಿ ತೊಗಲು ಕೊಯ್ಯುವ ರಾಂಪಿ, ಅವಳ ಕೈಯಲ್ಲಿ ದಬ್ಬಣ. ಇಬ್ಬರ ಬಾಯಲ್ಲೂ ದಿನವಿಡೀ ಜಗಳ. ಕೇಳುವವರಿಗೆ ಅದು ಜಗಳ, ಅವರಿಗೆ ಅದು ಭಜನೆ.

ಒಂದು ಮಧ್ಯಾಹ್ನ ಅಂಗಡಿಗೆ ಖಾಕಿ ತೊಟ್ಟ ಹೆಣ್ಣುಮಗಳೊಬ್ಬಳು ಬಂದಳು. ಪಿ.ಎಸ್.ಐ. ಸುವರ್ಣಾ ಕಬ್ಬೂರ.

“ಕಾಕಾ, ನನಗ ಚಪ್ಪಲಿ ಬ್ಯಾಡ್ರಿ. ಒಂದ ಪಟ್ಟಾ ಬೇಕು. ಅದಕ್ಕೊಂದ ಪಿಸ್ತೂಲಿನ ಚೀಲ ಬೇಕು. ಸೀರಿ ಒಳಗ ಹಾಕ್ಕೊಂಡ್ರ ಹೊರಗಿನವ್ರಿಗೆ ಗೊತ್ತಾಗಬಾರದು.”

ಪಟ್ಟಾ ಎಂದರೆ ಬೆಲ್ಟು. ಶಿವರಾಯ ತಲೆ ಕೆರೆದುಕೊಂಡ. “ನಮ್ಮ ಕಡೆ ಎತ್ತಿನ ಗಂಟಿ ಪಟ್ಟಾ ಅದಾವ್ರಿ ಬಾಯಾರ.”

“ಅವರೇನ ಎತ್ತ ಅದಾರೇನ?” ಎಂದಳು ಕಾಶವ್ವ. “ಕುಂಡ್ರರಿ ಬಾಯಾರ. ಇವರ ಮಾತ ಬಿಡ್ರಿ. ಸೀರಿ ಒಳಗ ಪಿಸ್ತೂಲ ಯಾಕ್ರಿ?”

ಸುವರ್ಣಾ ಕುಳಿತು, ದನಿ ತಗ್ಗಿಸಿ ಹೇಳಿದಳು. ಶೈಲಜಾ ಎಂಬ ಹುಡುಗಿ ಬೇರೆ ಜಾತಿಯ ಹುಡುಗನನ್ನು ಮೆಚ್ಚಿದ್ದಾಳೆ. ತಾಯಿ ಒಪ್ಪಿದ್ದಾಳೆ, ಹುಡುಗನ ಮನೆಯವರೂ ಒಪ್ಪಿದ್ದಾರೆ. ಆದರೆ ಹುಡುಗಿಯ ಸೋದರಮಾವ ರಾಯಗೌಡ ಪಾಟೀಲ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಕೇಳುವ ಹಾಗೆ ಕೂಗಿದ್ದಾನೆ: ‘ಅಕ್ಕಿಕಾಳ ಬೀಳೂದಕ್ಕಿಂತ ಮೊದಲ ರಕ್ತ ಬೀಳತೈತಿ.’ ಅಕ್ಕಿಕಾಳು ಎಂದರೆ ಮದುವೆಯ ಅಕ್ಷತೆ. ಮದುವೆ ಮಠದಲ್ಲಿ. ಪೊಲೀಸರನ್ನು ನಿಲ್ಲಿಸುತ್ತೇವೆ ಎಂದರೆ ಹುಡುಗಿ ಕೈ ಮುಗಿದು ಬೇಡ ಎಂದಳಂತೆ. ಖಾಕಿ ಕಂಡರೆ ಬೀಗರು ಅಂಜಿ ಊಟ ಬಿಟ್ಟು ಹೋಗುತ್ತಾರೆ. ತಾಯಿಯ ಎದೆ ಒಡೆಯುತ್ತದೆ. ‘ನನ್ನ ಮದವಿ ಮದವಿ ಹಾಂಗ ಆಗಲಿರಿ ಅಕ್ಕಾರ’ ಎಂದು ಬೇಡಿಕೊಂಡಿದ್ದಾಳೆ.

“ಅದಕ್ಕ ನಾ ಗೆಳತಿ ಆಗಿ, ಸೀರಿ ಉಟ್ಟ ಹೊಂಟೀನಿ. ರಸ್ತೇದ ಮ್ಯಾಲ ನಮ್ಮವ್ರ ಇಬ್ಬರ ಇರತಾರ. ಒಳಗ ನಾ ಒಬ್ಬಾಕಿನ.”

ಆಮೇಲೆ ಅವಳು ತನ್ನ ಚೀಲದಿಂದ ಒಂದೊಂದೇ ಹೊರತೆಗೆದಳು. “ಇದು ನೈಲಾನಿಂದು. ಲಂಗದ ಲಾಡಿಗೆ ಸಿಗಿಸಿದ್ರ ಲಾಡಿ ಸುದ್ದಾ ಕೆಳಗ ಬರತೈತಿ. ಇದು ಪ್ಲಾಸ್ಟಿಕ್ಕಿಂದು. ಮೈ ಸುಲೀತೈತಿ, ಹೆಜ್ಜಿಗೊಮ್ಮೆ ಕಟ್ ಕಟ್ ಅಂತೈತಿ. ಹೆಗಲಿಗೆ ಹಾಕೂದು ಒಂದ ಐತಿ, ಅದರ ಮ್ಯಾಲ ಕೋಟ ಬೇಕು. ಸೀರಿ ಮ್ಯಾಲ ಕೋಟ ಹಾಕ್ಕೊಂಡ ಹ್ವಾದ್ರ ಜನ ಮದಲಿಂಗನ್ನ ಬಿಟ್ಟ ನನ್ನ ನೋಡತಾರ.”

ಕಾಶವ್ವ ನಕ್ಕು ನಕ್ಕು ದಬ್ಬಣ ಕೆಳಗಿಟ್ಟಳು. ಶಿವರಾಯ ಮೂಲೆಗೆ ಹೋಗಿ ನಮ್ಮ ಸುರುಳಿಯನ್ನು ಬಿಚ್ಚಿದ. ಬೆಳಕು ನನ್ನ ಮೇಲೆ ಬಿತ್ತು.

ಪಿಸ್ತೂಲು ಸರಕಾರದ ಸ್ವತ್ತು. ಅದನ್ನು ಯಾರ ಕೈಗೂ ಬಿಟ್ಟು ಹೋಗುವ ಹಾಗಿಲ್ಲ. ಆದ್ದರಿಂದ ಸುವರ್ಣಾ ಅದೇ ಅಳತೆಯ ಕಟ್ಟಿಗೆಯ ಪಿಸ್ತೂಲೊಂದನ್ನು ಬಡಿಗನಿಂದ ಮಾಡಿಸಿ ತಂದುಕೊಟ್ಟಳು. ಶಿವರಾಯ ನನ್ನನ್ನು ನೀರಿನಲ್ಲಿ ನೆನೆಸಿ ಆ ಕಟ್ಟಿಗೆಯ ಸುತ್ತ ಒತ್ತಿ ಒತ್ತಿ ಕೂರಿಸಿದ. ಬೆರಳು ಹೋಗುವ ಟ್ರಿಗರಿನ ಜಾಗವನ್ನು ಪೂರ್ತಿ ಮುಚ್ಚಿದ. “ಚೀಲದೊಳಗ ಇದ್ದಾಗ ಯಾರ ಬಟ್ಟೂ ಇಲ್ಲಿ ತಾಗಬಾರದು” ಎಂದು ಸುವರ್ಣಾ ಮತ್ತೆ ಮತ್ತೆ ಹೇಳಿದ್ದಳು. ಮೇಲೊಂದು ಪಟ್ಟಿ, ಅದಕ್ಕೆ ಹಿತ್ತಾಳೆಯ ಒತ್ತುಗುಂಡಿ. ಪಟ್ಟಾವನ್ನು ಎರಡು ಪದರಾಗಿ ಕೂಡಿಸಿ ನಾಲ್ಕು ಬೆರಳು ಅಗಲ ಮಾಡಿದರು. ಪಟ್ಟಾ ಗಟ್ಟಿಯಿಲ್ಲದಿದ್ದರೆ ಎಂಥ ಚೀಲವೂ ಜೋತುಬೀಳುತ್ತದೆ. ಅವನೇ ನನ್ನ ಅಣ್ಣ. ಭಾರವೆಲ್ಲ ಅವನದು, ಹೆಸರೆಲ್ಲ ನನ್ನದು. ಅವನು ಒಮ್ಮೆಯೂ ದೂರಲಿಲ್ಲ.

ಎಲ್ಲ ಮುಗಿಯಿತು ಎಂದುಕೊಂಡ ದಿನ ಸುವರ್ಣಾ ಇಳಕಲ್ ಸೀರೆ ತಂದಳು. ಒಳಮನೆಯಲ್ಲಿ ಕಾಶವ್ವನೇ ಉಡಿಸಿದಳು. ಲಂಗದ ಮೇಲೆ ಪಟ್ಟಾ, ಪಟ್ಟಾದ ಮೇಲೆ ಸೀರೆ, ಬಲಸೊಂಟದಲ್ಲಿ ಕಟ್ಟಿಗೆಯ ಪಿಸ್ತೂಲು ಹೊತ್ತ ನಾನು.

“ಹೂಂ, ತಗೀರಿ” ಎಂದಳು ಕಾಶವ್ವ.

ಸುವರ್ಣಾ ಬಲಗೈ ಇಳಿಬಿಟ್ಟಳು. ಕೈಗೆ ಸೀರೆ ಸಿಕ್ಕಿತು. ಇನ್ನೊಮ್ಮೆ ಪ್ರಯತ್ನಿಸಿದಳು. ಮತ್ತೆ ಸೀರೆಯೇ. ಬಲಗಡೆ ಸೀರೆ ಬೆನ್ನಿನಿಂದ ಸುತ್ತಿ ಕಂಕುಳ ಕೆಳಗೆ ಬಿಗಿಯಾಗಿ ಬರುತ್ತದೆ; ಅಲ್ಲಿ ಕೈ ತೂರುವುದಕ್ಕೆ ದಾರಿಯೇ ಇಲ್ಲ. ಮೇಲಾಗಿ ನಾನು ಅಲ್ಲಿ ಬದನೆಕಾಯಿ ಬಚ್ಚಿಟ್ಟ ಹಾಗೆ ಉಬ್ಬಿದ್ದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು.

“ನಾ ದಿನಾ ಪ್ಯಾಂಟ ಹಾಕಾಕಿ. ಬಲಕ್ಕ ಅಂದ್ರ ಬಲಕ್ಕ ಅಂದೆ” ಎಂದಳು ಸುವರ್ಣಾ.

“ನಾ ಹುಟ್ಟಿದಾಗಿಂದ ಸೀರಿ ಉಟ್ಟಿಲ್ಲ” ಎಂದ ಶಿವರಾಯ ಬಾಗಿಲ ಆಚೆಯಿಂದ.

“ನಾ ಹುಟ್ಟಿದಾಗಿಂದ ಸೀರಿನ ಉಟ್ಟೀನಿ. ನನಗ ಏನಾಗಿತ್ತ ಧಾಡಿ?” ಎಂದು ಕಾಶವ್ವ ತನ್ನ ಹಣೆಗೆ ತಾನೇ ಬಡಿದುಕೊಂಡಳು. “ಎಡಕ್ಕ ನೋಡ್ರಿ ಬಾಯಾರ, ಎಡಕ್ಕ ಬಯಲ ಐತಿ. ಮ್ಯಾಲ ಸೆರಗ ಪರದೆ ಹಾಂಗ ಬೀಳತೈತಿ.”

ನನ್ನ ಬೆನ್ನಿಗಿದ್ದ, ಪಟ್ಟಾ ತೂರುವ ಕುಣಿಕೆಯ ಹೊಲಿಗೆ ಬಿಚ್ಚಿದರು. ನೋವಾಯಿತೇ ಎಂದು ಕೇಳಬೇಡಿ. ದಾರ ಒಂದೊಂದಾಗಿ ಹೊರಬರುವಾಗ ನಾನು ಶಿವನಾಮ ಹೇಳಿಕೊಂಡೆ. ಎಡಸೊಂಟಕ್ಕೆ, ಬಾಯಿ ಮುಂದಕ್ಕೆ ಓರೆಯಾಗಿ, ಬಲಗೈ ಹೊಟ್ಟೆಯ ಮೇಲಿಂದ ಹಾದು ಬಂದರೆ ನೇರ ಹಿಡಿಕೆಗೆ ಸಿಗುವ ಹಾಗೆ ಮತ್ತೆ ಹೊಲಿದರು. ಇಂದಿಗೂ ನನ್ನ ಮೈಮೇಲೆ ಹಳೆಯ ತೂತುಗಳ ಒಂದು ಸಾಲು ಖಾಲಿ ಇದೆ. ಮೂವರು ಕೂಡಿ ಮಾಡಿದ ತಪ್ಪಿನ ಗುರುತು ಅದು. ಸವರಿದಾಗಲೆಲ್ಲ ನಗು ಬರುತ್ತದೆ.

“ಈಗ ಕೆಳಗ ಕುಂಡ್ರರಿ, ಪಂಕ್ತಿಗೆ ಕುಂತ ಹಾಂಗ” ಎಂದಳು ಕಾಶವ್ವ. ಸುವರ್ಣಾ ಚಕ್ಕಳಮಕ್ಕಳ ಹಾಕಿ ಕುಳಿತಳು. ನಾನು ಕದಲಲಿಲ್ಲ. “ಏಳ್ರಿ. ಮದವ್ಯಾಗ ಹಿರ್ಯಾರ ಕಾಲ ಬೀಳಬೇಕಾಗತೈತಿ. ಬಗ್ಗಿದಾಗ ಜಾರಿ ಬಿದ್ರ ಮುಗೀತು. ಆ ಗ್ವಾಡಿಗೆ ಬಿದ್ದ ತೋರಸ್ರಿ.”

ಸುವರ್ಣಾ ಗೋಡೆಯ ಕಡೆ ನೋಡಲೇ ಇಲ್ಲ. ನೇರ ಬಾಗಿ ಕಾಶವ್ವನ ಪಾದ ಮುಟ್ಟಿದಳು.

“ಅಯ್ಯ! ಅಯ್ಯ ಶಿವನ! ನನಗ್ಯಾಕ್ರಿ ಬಾಯಾರ!” ಕಾಶವ್ವ ಎರಡು ಹೆಜ್ಜೆ ಹಿಂದೆ ಸರಿದಳು.

“ಪರೀಕ್ಷಾ ಮಾಡೂದಂದ್ರ ಖರೇ ಹಿರ್ಯಾರಿಗೆ ಬಿದ್ದ ಮಾಡಬೇಕು ಕಾಕೂ” ಎಂದು ಸುವರ್ಣಾ ನಕ್ಕಳು. ನಾನು ಎಡಸೊಂಟದಲ್ಲಿ ಭದ್ರವಾಗಿದ್ದೆ. ಕಾಶವ್ವ ಕಣ್ಣು ಒರೆಸಿಕೊಂಡು, “ಧೂಳ ಬಿತ್ತು” ಎಂದಳು.

ಹೊರಡುವ ಮುಂಚೆ ಸುವರ್ಣಾ ತನ್ನ ಮನಸ್ಸಿನಲ್ಲಿದ್ದ ಮುಳ್ಳನ್ನು ಹೇಳಿದಳು. ಆ ಮಠದ ಬಾಗಿಲಲ್ಲಿ ತೊಗಲಿನ ಸಾಮಾನು ಹೊರಗಿಡಿಸುತ್ತಾರೆ. ಹೆಂಗಸರನ್ನು ಯಾರೂ ಕೇಳುವುದಿಲ್ಲ, ನಿಜ. ಆದರೆ ಕೇಳಲಿಲ್ಲವೆಂದು ಒಳಗೆ ಒಯ್ಯುವುದು ದೇವರಿಗೆ ಮುಚ್ಚಿಟ್ಟಂತೆ ಆಗುವುದಿಲ್ಲವೇ?

“ಅಲ್ಲಿ ಭಜನಿಗೆ ತಬಲಾ ಬಾರಸತಾರಿಲ್ಲ?” ಎಂದು ಕಾಶವ್ವ ಕೇಳಿದಳು. “ಅದಕ್ಕೇನ ರೇಷ್ಮಿ ಹಚ್ಯಾರೇನ? ಹೋಗವಾ ನೀ. ಶಿವಗ ಎಲ್ಲಾ ಗೊತ್ತೈತಿ.” ಕಾಲಿಗೆ ಬಿದ್ದ ಮೇಲೆ ‘ಬಾಯಾರ’ ಹೋಗಿ ‘ನೀ’ ಬಂದಿತ್ತು.

ಮದುವೆಯ ಹಿಂದಿನ ದಿನ ಸುವರ್ಣಾ ಶೈಲಜಾಳ ಮನೆಗೆ ಗೆಳತಿಯಾಗಿ ಹೋದಳು. ಅಲ್ಲಿ ಹುಡುಗಿಯ ತಾಯಿ ಅಕ್ಕಿಗೆ ಅರಿಸಿಣ ಹಚ್ಚುತ್ತ ಕುಳಿತಿದ್ದಳು. ಆಕೆಯ ಮಾತು ನನ್ನ ಕಿವಿಗೆ ಬಿತ್ತು. “ಎಲ್ಲಾ ಐತೆವಾ. ಆದ್ರ ಅಕ್ಕಿಕಾಳ ಬೀಳೂ ಹೊತ್ತಿಗೆ ಹುಡುಗಿ ಹಿಂದ ಸೋದರಮಾವ ನಿಂದ್ರಬೇಕು. ಕಠಾರಿ ತುದಿಗೆ ನಿಂಬಿಹಣ್ಣ ಚುಚ್ಚಿ, ದೃಷ್ಟಿ ತಾಗಲಾರದಾಂಗ ಕಾಯಬೇಕು. ಅಣ್ಣನ ಬರಲಿಲ್ಲಂದ್ರ ಆ ಜಾಗಾ ಖಾಲಿನ.” ಶೈಲಜಾ ತಾಯಿಯ ಕೈಯಿಂದ ಅಕ್ಕಿಯ ತಟ್ಟೆ ತೆಗೆದುಕೊಂಡು ತಾನೇ ಹಚ್ಚತೊಡಗಿದಳು.

ಮದುವೆಯ ಬೆಳಿಗ್ಗೆ ಸುವರ್ಣಾ ಲಿಂಗಪೂಜೆ ಮುಗಿಸಿ, ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಎದೆಗೆ ಕಟ್ಟಿಕೊಂಡು, ಆಮೇಲೆ ನನ್ನನ್ನು ಸೊಂಟಕ್ಕೆ ಕಟ್ಟಿಕೊಂಡಳು. ಈಗ ನನ್ನೊಳಗೆ ನಿಜವಾದ ಪಿಸ್ತೂಲು; ತಣ್ಣಗೆ, ಮಾತಿಲ್ಲದ ಬಾಡಿಗೆದಾರ. ಮೇಲೆ ಕರಡಿಗೆ, ಕೆಳಗೆ ನಾನು, ಇಬ್ಬರ ಮೇಲೂ ಒಂದೇ ಸೆರಗು. ಅವನು ಬೆಳಕನ್ನು ಕಾಯುವವನು, ನಾನು ಬೆಂಕಿಯನ್ನು ಕಾಯುವವನು. ಇಬ್ಬರೂ ಕಾಣಿಸಬಾರದು, ಇಬ್ಬರೂ ಇರಬೇಕು. ಅಂಥ ನೆರೆ ಸಿಕ್ಕದ್ದು ನನ್ನ ಪುಣ್ಯ.

ಮಠದ ಬಾಗಿಲಲ್ಲಿ ಸಂಗಯ್ಯಜ್ಜ ಎಂಬ ಮುದುಕ ಮಣೆ ಹಾಕಿ ಕುಳಿತಿದ್ದ. “ತೊಗಲಿಂದು ಇಲ್ಲೇ ಇಡ್ರೆಪಾ! ಪಟ್ಟಾ ಬಿಚ್ಚರಿ! ನಿನ್ನ ಪಾಕೀಟ ತೊಗಲಿಂದ ಅಲ್ಲೇನ? ಇಡು!” ಗಂಡಸರೆಲ್ಲ ಬೆಲ್ಟು ಬಿಚ್ಚಿ ರಾಶಿ ಹಾಕುತ್ತಿದ್ದರು. ದೊಡ್ಡ ಹೊಟ್ಟೆಯ ಬೀಗರೊಬ್ಬರು ಒಂದು ಕೈಯಲ್ಲಿ ಪ್ಯಾಂಟು, ಇನ್ನೊಂದು ಕೈಯಲ್ಲಿ ಆಹೇರಿಯ ಉಡುಗೊರೆ ಹಿಡಿದುಕೊಂಡು ಒಳಗೆ ನಡೆದರು. ನಮಸ್ಕಾರ ಮಾಡುವುದಕ್ಕೆ ಅವರಿಗೆ ಕೈ ಉಳಿಯಲಿಲ್ಲ. ಹುಡುಗಿಯರು ನಕ್ಕದ್ದೇ ನಕ್ಕದ್ದು. ಸುವರ್ಣಾ ಅಜ್ಜನಿಗೆ ಕೈ ಮುಗಿದು ಒಳಗೆ ಬಂದಳು. ಅವಳ ಎದೆ ಬಡಿಯುವುದು ನನಗೆ ಕೇಳಿಸುತ್ತಿತ್ತು. ಒಳಗೆ ಭಜನೆಯ ತಬಲಾ ನುಡಿಯಿತು. ತೊಗಲಿನ ದನಿ! ನಾನು ಸೆರಗಿನ ಕತ್ತಲಲ್ಲೇ ಕೈ ಮುಗಿದೆ. ನನಗೆ ಕೈ ಇಲ್ಲ, ಆದರೂ ಮುಗಿದೆ.

ಎಲ್ಲ ಸರಿಯಾಗಿಯೇ ನಡೆಯಿತು. ಶೈಲಜಾ ಹಸಿರು ಸೀರೆ ಉಟ್ಟು ಬಂದು ನಿಂತಳು. ಹುಡುಗನ ಕಡೆಯವರು, ಹುಡುಗಿಯ ಕಡೆಯವರು ಒಬ್ಬರಿಗೊಬ್ಬರು ಕುಂಕುಮ ಕೊಟ್ಟು ಹರಟುತ್ತಿದ್ದರು. ಎಲ್ಲರ ಅಂಗೈಯಲ್ಲಿ ಅಕ್ಕಿಕಾಳು ಬಂತು. ಶೈಲಜಾಳ ಬೆನ್ನ ಹಿಂದಿನ ಜಾಗ ಖಾಲಿಯಿತ್ತು. ಸುವರ್ಣಾ ಅದರ ಎಡಕ್ಕೆ ನಿಂತಿದ್ದಳು.

ಆಗ ಬಾಗಿಲಲ್ಲಿ ಮಾತು ನಿಂತುಹೋಯಿತು. ರಾಯಗೌಡ ಬಂದಿದ್ದ.

ರಸ್ತೆಯಲ್ಲಿದ್ದ ಇಬ್ಬರು ಪೊಲೀಸರು ಅವನು ಮೋಟಾರ್‌ಸೈಕಲ್ಲಿನಲ್ಲಿ ಬರುತ್ತಾನೆಂದು ಕಾದಿದ್ದರು. ಅವನು ಹೊಲದ ದಾರಿಯಿಂದ ನಡೆದು ಬಂದಿದ್ದ. ಧೋತರ, ಬಿಳಿ ರುಮಾಲು, ಹೆಗಲ ಮೇಲೆ ಶಾಲು. ಬಲಗೈ ಶಾಲಿನೊಳಗೆ. ಮುಖದಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ. ಜನ ದಾರಿ ಬಿಟ್ಟರು. ಅವನು ನೇರ ಶೈಲಜಾಳ ಕಡೆಗೇ ನಡೆದ. ಅವಳಿಗೆ ಬೆನ್ನ ಹಿಂದೆ ಏನಾಗುತ್ತಿದೆ ಎಂದು ಗೊತ್ತಿರಲಿಲ್ಲ.

ಶಾಲು ಸರಿಯಿತು. ಒಳಗೆ ಒಂದು ಮೊಳದ ಬತ್ತಲೆ ಕಬ್ಬಿಣ ಮಿಂಚಿತು.

ಸುವರ್ಣಾಳ ಬಲಗೈ ಹೊಟ್ಟೆಯ ಮೇಲಿಂದ ಹಾದು ಸೆರಗಿನೊಳಗೆ ಬಂತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಸಿಕ್ಕಲಿಲ್ಲ. ಹೆಬ್ಬೆರಳು ನನ್ನ ಹಿತ್ತಾಳೆಯ ಗುಂಡಿಯನ್ನು ಬಿಚ್ಚಿತು. ಟಕ್. ಅಂಗೈ ಹಿಡಿಕೆಯ ಮೇಲೆ ಕೂತಿತು. ಇನ್ನು ಒಂದು ಉಸಿರು ಉಳಿದಿತ್ತು. ನಾನು ಆ ಪಿಸ್ತೂಲನ್ನು ನನ್ನ ಮೈಯೆಲ್ಲ ಬಳಸಿ ಅಪ್ಪಿಕೊಂಡೆ. ಶಿವನೇ, ಇದು ಹೊರಗೆ ಹೋಗುವ ಹಾಗೆ ಮಾಡಬೇಡ ಎಂದು ಬೇಡಿದೆ.

“ಗೌಡ್ರ! ಏ ಗೌಡ್ರ! ನಿಮ್ಮ ನಿಂಬಿಹಣ್ಣ ಬಿತ್ತಲ್ರಿ!”

ಬಾಗಿಲಿನಿಂದ ಸಂಗಯ್ಯಜ್ಜನ ಕೂಗು. ಕಲ್ಲಿನ ನೆಲದ ಮೇಲೆ ಹಳದಿಯ ನಿಂಬೆಹಣ್ಣೊಂದು ಉರುಳುತ್ತ, ಜನರ ಕಾಲುಗಳ ನಡುವೆ ಹಾಯುತ್ತ ಬಂದು ಸುವರ್ಣಾಳ ಪಾದಕ್ಕೆ ತಾಗಿ ನಿಂತಿತು.

ಸುವರ್ಣಾಳ ಉಸಿರು ಹೊರಬಂತು. ಅವಳು ಗುಂಡಿ ಒತ್ತಿ ಮುಚ್ಚಿದಳು, ಬಾಗಿ ಹಣ್ಣು ಎತ್ತಿಕೊಂಡಳು. ಬಾಗಿದಾಗ ನಾನು ಜಾರಲಿಲ್ಲ. ಹಣ್ಣನ್ನು ರಾಯಗೌಡನ ಮುಂದೆ ಹಿಡಿದಳು.

ಅವನು ಆ ಟಕ್ ಎಂಬ ಸದ್ದು ಕೇಳಿದ್ದ. ಅವಳ ಸೆರಗಿನ ಕಡೆ ನೋಡಿದ, ಮುಖದ ಕಡೆ ನೋಡಿದ. ಮೆಲ್ಲಗೆ ಕೇಳಿದ: “ಕಾಯಾಕ ಬಂದೀಯೇನವಾ?”

“ಹೌದ್ರಿ ಗೌಡ್ರ.”

“ನನ್ನಿಂದೇನ?”

ಸುವರ್ಣಾ ಹಣ್ಣನ್ನು ಅವನ ಎಡ ಅಂಗೈಯಲ್ಲಿಟ್ಟಳು.

ರಾಯಗೌಡ ತಲೆ ತಗ್ಗಿಸಿದ. “ನನ್ನ ಬಾಯಿ ಹಂಗ ಐತಿ. ಬೆಳಿಗ್ಗೆ ಈ ಕಠಾರಿ ಕಣ್ಣಿಗೆ ಬಿತ್ತವಾ. ನನ್ನ ತಂಗಿ ಮದವಿಗೆ ನಮ್ಮ ಮಾವ ಇದನ್ನ ಹಿಡದ ನಿಂತಿದ್ದ. ಹುಡುಗಿ ಹಿಂದ ಜಾಗಾ ಖಾಲಿ ಬಿಡೂದು ನಮ್ಮ ಮನಿತನದಾಗ ಇಲ್ಲ.” ಆಮೇಲೆ ತುಸು ಸಿಟ್ಟಿನಿಂದ, “ಒರ್‍ಯಾಗ ಹಾಕ್ಕೊಂಡ ಬಂದಿದ್ದೆ. ತೊಗಲಿಂದು ಅಂತ ಆ ಮುದುಕ ಹೊರಗ ಇಡಿಸಿದ. ಬತ್ತಲೆ ಕಠಾರಿ ಹಿಡದ ಬಂದ್ರ ಮಂದಿ ಅಂಜತಾರಂತ ಶಾಲಿನ್ಯಾಗ ಮುಚ್ಚಿದೆ” ಎಂದ.

“ಅದಕ್ಕ ಇನ್ನಷ್ಟ ಅಂಜಿದ್ವಿ” ಎಂದಳು ಸುವರ್ಣಾ.

ಅವನು ಕಠಾರಿಯ ತುದಿಗೆ ನಿಂಬೆಹಣ್ಣು ಚುಚ್ಚಿದ. “ಹಂಗಾದ್ರ ಎಡಕ್ಕ ನೀ ನಿಂದ್ರು. ನಾ ನಡಬರಕ ನಿಂದರತೀನಿ.”

ಶೈಲಜಾಳ ತಲೆಯ ಹಿಂದೆ ಹಳದಿಯ ಹಣ್ಣು ಎದ್ದಿತು. ಎದುರಿಗಿದ್ದ ತಾಯಿ ಅದನ್ನು ಮೊದಲು ಕಂಡಳು. ಬಾಯಿಗೆ ಸೆರಗು ಒತ್ತಿಕೊಂಡಳು. ಅಷ್ಟರಲ್ಲಿ ಅಕ್ಕಿಕಾಳಿನ ಮಳೆ ಸುರಿಯಿತು. ಹುಡುಗಿಯ ಮೇಲೆ, ಹುಡುಗನ ಮೇಲೆ, ಗೌಡನ ರುಮಾಲಿನ ಮೇಲೆ. ನಾಲ್ಕು ಕಾಳು ಸೆರಗಿನ ಸಂದಿನಿಂದ ಜಾರಿ ನನ್ನ ಬಾಯೊಳಗೂ ಬಿದ್ದವು. ಒಳಗಿದ್ದವನಿಗೂ ಅಂದು ಅಕ್ಷತೆಯಾಯಿತು. ಖಾಕಿ ಯಾರಿಗೂ ಕಾಣಲಿಲ್ಲ. ಮದುವೆ ಮದುವೆಯ ಹಾಗೆಯೇ ಆಯಿತು.

ಊಟದ ಪಂಕ್ತಿಯಲ್ಲಿ ಸುವರ್ಣಾಳ ಪಕ್ಕ ರಾಯಗೌಡನೇ ಕುಳಿತ. “ತಿನ್ನು ತಿನ್ನು” ಎಂದು ಅವಳ ಎಲೆಗೆ ಹೋಳಿಗೆಯ ಮೇಲೆ ಹೋಳಿಗೆ ಹಾಕಿಸಿದ. “ಪಟ್ಟಾ ಬಿಗಿ ಆಗತೈತ್ರಿ ಗೌಡ್ರ” ಎಂದು ಅವಳು ಪಿಸುಗುಟ್ಟಿದಳು. ಅವನು ನಕ್ಕ ನಗೆಗೆ ಬಡಿಸುವವರು ತಿರುಗಿ ನೋಡಿದರು.

ಹೊರಗೆ ಬರುವಾಗ ಬೆಲ್ಟಿನ ರಾಶಿಯ ಮೇಲೆ ಆ ಕಠಾರಿಯ ಹಳೆಯ ಒರೆ ಮಲಗಿತ್ತು. ನನ್ನ ಕುಲದ ಅಜ್ಜ. ಗೌಡ ಕಠಾರಿಯನ್ನು ಅದರೊಳಗೆ ಇಳಿಸಿದಾಗ ಸುತ್ತಲಿನವರ ಭುಜಗಳು ತಾವಾಗಿ ಸಡಿಲವಾದದ್ದನ್ನು ನಾನು ನೋಡಿದೆ. ನನ್ನ ಕೆಲಸ ಏನೆಂದು ಅಂದು ನನಗೆ ತಿಳಿಯಿತು. ಆಯುಧವನ್ನು ಹೊರುವುದಲ್ಲ, ಅದು ಮಲಗಿರುವ ಹಾಗೆ ನೋಡಿಕೊಳ್ಳುವುದು.

ಸುವರ್ಣಾ ಆಗಲೇ ಸಂಗಯ್ಯಜ್ಜನ ಪಕ್ಕ ಕುಳಿತು ಎಲ್ಲವನ್ನೂ ಹೇಳಿಬಿಟ್ಟಳು. ತನ್ನ ಸೊಂಟದ ತೊಗಲನ್ನೂ. ಅಜ್ಜ ಗಡ್ಡ ಸವರಿದ. “ಒರಿ ಹೊರಗ ಇಟ್ಟು ಕಠಾರಿ ಒಳಗ ಬಿಟ್ಟೆ ನಾ. ಎಂಥಾ ಶಾಣ್ಯಾ ನೋಡ! ಇನ್ನ ಮ್ಯಾಲ ಒರಿ ಒಳಗ ಬರಲಿ. ಪಟ್ಟಾ ಮಾತ್ರ ಇಲ್ಲೇ ಇರಲಿ” ಎಂದ. ದೊಡ್ಡ ಹೊಟ್ಟೆಯ ಬೀಗರು ಪಕ್ಕದಲ್ಲೇ ಬೆಲ್ಟು ಹುಡುಕುತ್ತಿದ್ದರು. “ಅಜ್ಜಾರ, ನಂದೂ ಒಂದ ಒರಿ ಅಂತ ತಿಳ್ಕೋರಿ” ಎಂದು ಬೇಡಿಕೊಂಡರು. ಅಜ್ಜ ಒಪ್ಪಲಿಲ್ಲ.

ಆಮೇಲೆ ನನ್ನ ಬದುಕು ದೊಡ್ಡದಾಗಿ ನಡೆಯಿತು. ಎಷ್ಟೋ ಸಂತೆ, ಎಷ್ಟೋ ರೈಲು ನಿಲ್ದಾಣ, ಎಷ್ಟೋ ಸೀರೆಗಳ ಮರೆ. ಸುವರ್ಣಾ ಮೇಲಿನ ಹುದ್ದೆಗೆ ಹೋಗಿ ಕುರ್ಚಿಯಲ್ಲಿ ಕುಳಿತಾಗ ನನ್ನನ್ನು ಉಷಾ ಎಂಬ ಹೊಸ ಹುಡುಗಿಗೆ ಕೊಟ್ಟಳು. ಉಷಾ ಚೂಡಿದಾರ ತೊಡುವವಳು. ಅವಳಿಗೆ ನಾನು ಎಡಕ್ಕೂ ಸರಿಯಾಗಲಿಲ್ಲ, ಬಲಕ್ಕೂ ಸರಿಯಾಗಲಿಲ್ಲ. ಅವಳು ಕಾಶವ್ವನ ಅಂಗಡಿಗೆ ಹೋಗಿ ತನಗೆ ತಕ್ಕ ಹೊಸದನ್ನು ಹೊಲಿಸಿಕೊಂಡು ನನ್ನನ್ನು ಗೌರವದಿಂದ ಸುವರ್ಣಾಳಿಗೇ ಹಿಂದಿರುಗಿಸಿದಳು. ಅಂಗಡಿಯಲ್ಲಿ ಕಾಶವ್ವ ನನ್ನನ್ನು ಗುರುತು ಹಿಡಿದು, ಆ ಖಾಲಿ ತೂತುಗಳ ಸಾಲನ್ನು ಗಂಡನಿಗೆ ತೋರಿಸಿ ನಕ್ಕಿದ್ದಳು. ನಾನು ಮತ್ತೆ ಸುವರ್ಣಾಳ ಸೊಂಟಕ್ಕೇ ಬಂದೆ. ಅಷ್ಟೆಲ್ಲ ವರ್ಷಗಳಲ್ಲಿ ಪಿಸ್ತೂಲು ನನ್ನಿಂದ ಅಭ್ಯಾಸದ ಮೈದಾನದಲ್ಲಿ ಮಾತ್ರ ಹೊರಬಂತು. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತೇನೆ.

ಸುವರ್ಣಾ ನಿವೃತ್ತಳಾದ ದಿನ ಆ ಮೌನಿ ಬಾಡಿಗೆದಾರ ಸರಕಾರದ ಮನೆಗೆ ಹೋದ. ನಾನು ಖಾಲಿಯಾದೆ. ಗೂಟಕ್ಕೆ ತೂಗಿಕೊಂಡು, ಇನ್ನೇನು ನನ್ನ ಕತೆ ಮುಗಿಯಿತು ಎಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಅವಳ ಕೈ ಅಭ್ಯಾಸಬಲದಿಂದ ಗೂಟಕ್ಕೆ ಬಂತು. ಪಟ್ಟಾ ಕಟ್ಟಿಕೊಂಡಳು, ನನ್ನನ್ನು ಎಡಕ್ಕೆ ಸರಿಪಡಿಸಿಕೊಂಡಳು. ಆಮೇಲೆ ಖಾಲಿ ಎಂದು ನೆನಪಾಗಿ ಒಬ್ಬಳೇ ನಕ್ಕಳು. ಹಿತ್ತಿಲಿಗೆ ಹೊರಟವಳ ಕೈಯಲ್ಲಿ ಹೂ ಕತ್ತರಿಸುವ ಕತ್ತರಿಯಿತ್ತು. ಅದನ್ನು ನನ್ನೊಳಗೆ ಇಳಿಸಿದಳು. ಸರಿಯಾಗಿ ಕೂತಿತು.

ಈಗ ನಾನು ಕತ್ತರಿಯ ಒರೆ. ಮೈ ಸುಕ್ಕುಗಟ್ಟಿದೆ, ಅಂಚು ಕಪ್ಪಾಗಿದೆ, ಮೈತುಂಬ ದುಂಡುಮಲ್ಲಿಗೆಯ ವಾಸನೆ. ಸುವರ್ಣಾ ದಿನವೂ ಹೂ ಬಿಡಿಸಿಕೊಂಡು ಆ ಮಠಕ್ಕೆ ಹೋಗುತ್ತಾಳೆ. ಸಂಗಯ್ಯಜ್ಜ ಇಲ್ಲ, ಅವನ ಮಣೆಯ ಮೇಲೆ ಈಗ ರಾಯಗೌಡನೇ ಕೂರುತ್ತಾನೆ. ಹೊಲ ಮನೆಯನ್ನು ಮಕ್ಕಳಿಗೆ ಒಪ್ಪಿಸಿ ಬಾಗಿಲ ಸೇವೆ ಹಿಡಿದಿದ್ದಾನೆ. ಸುವರ್ಣಾ ಪಟ್ಟಾ ಬಿಚ್ಚಿ ರಾಶಿಗೆ ಹಾಕುತ್ತಾಳೆ. ನನ್ನಣ್ಣ ಅಲ್ಲಿ ಊರಿನ ಬೆಲ್ಟುಗಳ ಜೊತೆ ಹರಟುತ್ತ ಕೂರುತ್ತಾನೆ. ನನ್ನನ್ನು ಮಾತ್ರ ಅವಳು ಬುಟ್ಟಿಯಲ್ಲಿ, ಹೂವಿನ ಪಕ್ಕದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇಡುತ್ತಾಳೆ.

“ತೊಗಲಿಂದು ಏನರ ಐತೇನವಾ?” ಎಂದು ಗೌಡ ದಿನವೂ ಕೇಳುತ್ತಾನೆ.

“ಐತ್ರಿ. ಇಲ್ಲೇ ಐತಿ ನೋಡ್ರಿ.”

“ಒಳಗ ಏನೈತಿ?”

“ಕತ್ತರಿ.”

“ಮಲಗೇತೇನ?”

“ಮಲಗೇತ್ರಿ ಗೌಡ್ರ.”

“ಹಂಗಾದ್ರ ಹೋಗು” ಎನ್ನುತ್ತಾನೆ. ನಾವು ಒಳಗೆ ಹೋಗುತ್ತೇವೆ.